ಎಣಿಸಿ ಬರೆದ ಮರಗಳು

ಅಣ್ಣ ಕಳುಹಿಸಿದ ಕಾಗದ ಮೂರು ವಾರಗಳಿಂದ ನನ್ನ ಕೈಚೀಲದಲ್ಲೇ ಇದೆ. ಹಕ್ಕು ಬಿಡುಗಡೆ ಪತ್ರದ ಕರಡು. ಅಪ್ಪ ತೀರಿಕೊಂಡ ಮೇಲೆ ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ನಮ್ಮ ಮೂರೂಕಾಲು ಎಕರೆ ಅವನ ಹೆಸರಿಗೆ ಆಗಬೇಕಾದರೆ, ನನ್ನ ಪಾಲನ್ನು ಬಿಟ್ಟುಕೊಟ್ಟಿದ್ದೇನೆ ಎಂದು ನಾನು ಬರೆದುಕೊಡಬೇಕು. ಕೊಡುವುದಕ್ಕೆ ನನಗೆ ಮನಸ್ಸಿದೆ. ಅಲ್ಲಿ ನಿಂತು ಮಳೆಗಾಲದ ಕೊಳೆರೋಗ, ಬೇಸಗೆಯ ನೀರಿನ ತಾಪತ್ರಯ ಎಲ್ಲವನ್ನೂ ಸುಧಾರಿಸಿಕೊಂಡು ಹೋಗುತ್ತಿರುವವನು ಅವನು. ನಾನು ಅಮೆರಿಕದ ನೆಬ್ರಾಸ್ಕಾ ರಾಜ್ಯದ ಲಿಂಕನ್ ಪಟ್ಟಣದಲ್ಲಿ ಹದಿನಾಲ್ಕು ವರ್ಷಗಳಿಂದ ಬೇರೂರಿದವಳು. ಆದರೂ ಸಹಿ ಹಾಕಲು ಕುಳಿತಾಗಲೆಲ್ಲ ಕೈ ಹಿಂದೆ ಬರುತ್ತಿತ್ತು. ಕರಡಿನಲ್ಲಿ ಸರ್ವೆ ನಂಬರ್ ಇದೆ, ಚಕ್ಕುಬಂದಿ ಇದೆ, ಅಜ್ಜನ ಹೆಸರು, ಅಜ್ಜನ ತಂದೆಯ ಹೆಸರು ಇವೆ. ಕೊನೆಯಲ್ಲಿ ‘ಮರಮಾಲ್ಕಿ ಸಹಿತ’, ಅಂದರೆ ಮರಗಳ ಒಡೆತನವೂ ಸೇರಿ, ಎಂದಿದೆ. ಯಾವುದೂ ತಪ್ಪಿಲ್ಲ. ಆದರೆ ಯಾವುದೋ ಒಂದು ಸಂಗತಿ ಅದರಲ್ಲಿ ಬಿಟ್ಟುಹೋಗಿದೆ ಎಂದು ಅನ್ನಿಸುತ್ತಲೇ ಇತ್ತು. ಅದೇನು ಎಂದು ಹೊಳೆದದ್ದು ಕಳೆದ ಅಕ್ಟೋಬರಿನ ಒಂದು ಭಾನುವಾರ, ಇಲ್ಲಿಂದ ನಲವತ್ತು ಮೈಲಿ ದಕ್ಷಿಣಕ್ಕೆ, ನನಗೆ ಯಾವ ಸಂಬಂಧವೂ ಇಲ್ಲದ ಒಂದು ಕುಟುಂಬದ ಹಳೆಯ ಜಮೀನಿನಲ್ಲಿ ನಿಂತಿದ್ದಾಗ.

ಆ ಜಮೀನು ಇರುವುದು ಬಿಯಾಟ್ರಿಸ್ ಎಂಬ ಊರಿನ ಪಶ್ಚಿಮಕ್ಕೆ, ಕಬ್ ಕ್ರೀಕ್ ಎಂಬ ಸಣ್ಣ ತೊರೆಯ ಬದಿಯಲ್ಲಿ. ಈಗ ಅದು ರಾಷ್ಟ್ರೀಯ ಐತಿಹಾಸಿಕ ಉದ್ಯಾನ. ಡೇನಿಯಲ್ ಫ್ರೀಮನ್ ಎಂಬವನು 1863ರ ಜನವರಿ 1ರಂದು ಅದಕ್ಕೆ ಅರ್ಜಿ ಹಾಕಿದ. ಹೋಮ್‌ಸ್ಟೆಡ್ ಕಾಯ್ದೆ ಜಾರಿಗೆ ಬಂದ ಮೊದಲ ದಿನ ಅದು. ಹೋಮ್‌ಸ್ಟೆಡ್ ಎಂದರೇನು ಎಂದು ಅಮ್ಮ ಫೋನಿನಲ್ಲಿ ಕೇಳಿದಳು. ಸರ್ಕಾರ ಖಾಲಿ ಜಮೀನು ಎಂದು ಗುರುತು ಮಾಡಿದ್ದಕ್ಕೆ ಅರ್ಜಿ ಕೊಡಬೇಕಿತ್ತು, ಅಲ್ಲೇ ಮನೆ ಕಟ್ಟಿಕೊಂಡು ಐದು ವರ್ಷ ಸಾಗುವಳಿ ಮಾಡಿ ತೋರಿಸಿದರೆ ಹಕ್ಕುಪತ್ರ ಸಿಗುತ್ತಿತ್ತು ಎಂದು ವಿವರಿಸಿದೆ. ‘ದರಖಾಸ್ತು ಜಮೀನು ಅನ್ನು’ ಎಂದಳು. ನಾನು ವರ್ಷಗಟ್ಟಲೆ ಹುಡುಕುತ್ತಿದ್ದ ಪದ ಅವಳ ನಾಲಿಗೆಯ ತುದಿಯಲ್ಲೇ ಇತ್ತು.

ಫ್ರೀಮನ್ನನ ಬಗ್ಗೆ ಈ ಕಡೆ ಒಂದು ಕಥೆ ಓಡಾಡುತ್ತದೆ. ಅಂತರ್ಯುದ್ಧದ ಕಾಲ, ಸೈನ್ಯದಿಂದ ರಜೆಯಲ್ಲಿದ್ದ ಅವನು ಮರಳಿ ಹೊರಡಬೇಕಿತ್ತು. ಹೊಸ ವರ್ಷದ ಮುನ್ನಾದಿನ ಮಿಸೌರಿ ನದಿಯ ದಂಡೆಯ ಬ್ರೌನ್‌ವಿಲ್‌ನಲ್ಲಿ ಭೂಕಚೇರಿಯ ಗುಮಾಸ್ತನನ್ನು ಒಪ್ಪಿಸಿ, ನಡುರಾತ್ರಿ ಹನ್ನೆರಡು ಹೊಡೆದ ಕೂಡಲೇ ಬಾಗಿಲು ತೆರೆಸಿ ಅರ್ಜಿ ಕೊಟ್ಟ ಎಂದು ಹೇಳುತ್ತಾರೆ. ಅದೇ ದಿನ ದೇಶದ ಬೇರೆ ಬೇರೆ ಕಡೆ ಇನ್ನೂ 417 ಮಂದಿ ಅರ್ಜಿ ಹಾಕಿದ್ದರು. ಯಾರು ಮೊದಲು ಎಂಬುದರಲ್ಲಿ ನನಗೆ ಅಂಥ ಆಸಕ್ತಿಯಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಐದು ವರ್ಷಗಳ ನಂತರದ ಇನ್ನೊಂದು ಕಾಗದ.

ಸಾಕ್ಷಿಗಳು ಹೇಳಿದ್ದು

ಐದು ವರ್ಷ ಮುಗಿದ ಮೇಲೆ ಅರ್ಜಿದಾರ ಇಬ್ಬರು ನೆರೆಹೊರೆಯವರನ್ನು ಕರೆದುಕೊಂಡು ಹೋಗಿ ತನ್ನ ಸಾಗುವಳಿಯನ್ನು ಸಾಬೀತುಪಡಿಸಬೇಕಿತ್ತು. ನಮ್ಮ ಮಹಜರಿನ ಹಾಗೆಯೇ. ಫ್ರೀಮನ್ನನ ಪರವಾಗಿ ಇಬ್ಬರು 1868ರ ಜನವರಿಯಲ್ಲಿ ಪ್ರಮಾಣ ಮಾಡಿ ಹೇಳಿದ್ದು ಆ ಕಾಗದದಲ್ಲಿದೆ. ಉತ್ತು, ಬೇಲಿ ಹಾಕಿ, ಬೇಸಾಯ ಮಾಡಿದ್ದು ಸುಮಾರು 35 ಎಕರೆ. ಒಂದು ಭಾಗ ದಿಮ್ಮಿಯದು, ಇನ್ನೊಂದು ಭಾಗ ಮರದ ಚೌಕಟ್ಟಿನದು ಆದ ಒಂದು ಮನೆ. 14 ಅಡಿಗೆ 20 ಅಡಿ. ಎರಡು ಬಾಗಿಲು, ಎರಡು ಕಿಟಕಿ, ಹಲಗೆಯ ನೆಲ. ವಾಸಕ್ಕೆ ಹಿತವಾದ ಮನೆ. ಒಂದು ಲಾಯ. 100 ಅಡಿ ಉದ್ದದ ಕುರಿದೊಡ್ಡಿ. ಮೆಕ್ಕೆಜೋಳದ ಕಣಜ. 40 ಸೇಬಿನ ಗಿಡ, ಸುಮಾರು 400 ಪೀಚ್ ಗಿಡ.

ನಾನೂರು ಪೀಚ್ ಗಿಡ! ಆ ಸಾಲಿನ ಮುಂದೆ ನಾನು ಬಹಳ ಹೊತ್ತು ನಿಂತಿದ್ದೆ. ಇಲ್ಲಿಯ ಚಳಿಗಾಲ ನನಗೆ ಗೊತ್ತು. ಜನವರಿಯಲ್ಲಿ ಬಾಯಿ ಬಿಟ್ಟರೆ ಹಲ್ಲು ನೋಯುವ ಗಾಳಿ. ಅಂಥ ಬಟ್ಟಬಯಲಿನಲ್ಲಿ ನಾನೂರು ಹಣ್ಣಿನ ಸಸಿ ನೆಟ್ಟವರಿಗೆ ಬರೀ ಪತ್ರದ ಆಸೆ ಇದ್ದಿರಲಾರದು. ಕಾಯ್ದೆ ಕೇಳಿದ್ದು ವಾಸ ಮತ್ತು ಸಾಗುವಳಿಯನ್ನು ಮಾತ್ರ. ಪೀಚ್ ಮರ ಫಲ ಕೊಡಲು ಮೂರು ನಾಲ್ಕು ವರ್ಷ ಕಾಯಬೇಕು. ಅಷ್ಟು ಕಾಯಲು ಸಿದ್ಧರಿರುವವರು ಮಾತ್ರ ನೆಡುವ ಗಿಡ ಅದು. ಸಾಕ್ಷಿ ಹೇಳಿದವರಿಗೂ ಅದು ಗೊತ್ತಿತ್ತು ಎಂದು ಕಾಣುತ್ತದೆ. ಇಲ್ಲವಾದರೆ ಹೊರಗಿನವರು ಬಂದು ಗಿಡ ಏಕೆ ಎಣಿಸುತ್ತಾರೆ?

ಅದೇ ಕಾಗದದಲ್ಲಿ ಇನ್ನೊಂದು ಮಾತಿದೆ. ಅರ್ಜಿದಾರ ಕುಟುಂಬದ ಯಜಮಾನ. ಕುಟುಂಬ ಎಂದರೆ ಹೆಂಡತಿ ಮತ್ತು ಇಬ್ಬರು ಮಕ್ಕಳು. ಸೇಬು ಇಷ್ಟು, ಪೀಚ್ ಇಷ್ಟು ಎಂದು ಬರೆದವರು ಹೆಂಡತಿಯ ಹೆಸರು ಬರೆಯುವ ಅಗತ್ಯ ಕಾಣಲಿಲ್ಲ. ಕೇಳಿದ ಪ್ರಶ್ನೆಯಲ್ಲೇ ಅದಕ್ಕೆ ಜಾಗವಿರಲಿಲ್ಲ.

ಅವಳ ಹೆಸರು ಆಗ್ನೆಸ್. ಅಯೋವಾದ ಲೆ ಕ್ಲೇರ್ ಊರಿನವಳು. ಮೊದಲು ಅವಳ ಮದುವೆ ನಿಶ್ಚಯವಾಗಿದ್ದು ಡೇನಿಯಲ್ಲನ ತಮ್ಮ ಜೇಮ್ಸ್ ಜೊತೆ. ಅವನು ಯುದ್ಧಕ್ಕೆ ಹೋದವನು ಮರಳಲಿಲ್ಲ. ಆಮೇಲೆ ಡೇನಿಯಲ್ ಅವಳಿಗೆ ಪತ್ರ ಬರೆಯತೊಡಗಿದ. ಪತ್ರದಲ್ಲೇ ಮದುವೆಯ ಮಾತು ನಡೆದು 1865ರ ಫೆಬ್ರುವರಿಯಲ್ಲಿ ಮದುವೆಯಾಯಿತು. ಆಗ ಅವಳಿಗೆ ಇಪ್ಪತ್ತೊಂದೋ ಇಪ್ಪತ್ತೆರಡೋ. ಅವನಿಗೆ ನಲವತ್ತಕ್ಕೆ ಹತ್ತಿರ. ಕಾಯ್ದೆಯ ಪ್ರಕಾರ ಮದುವೆಯಾಗದ ಹೆಂಗಸು, ವಿಧವೆ, ಗಂಡ ಬಿಟ್ಟುಹೋದವಳು ಸ್ವಂತ ಹೆಸರಿನಲ್ಲಿ 160 ಎಕರೆ ಕೇಳಬಹುದಿತ್ತು. ಆ ಕಾಲಕ್ಕೆ ಅದು ದೊಡ್ಡ ಮಾತು. ಹಾಗೆ ಕೇಳಿ ಪಡೆದ ಒಂಟಿ ಹೆಂಗಸರು ಈ ಬಯಲಿನಲ್ಲಿ ಬಹಳ ಮಂದಿ. ಗಂಡನ ಜೊತೆ ಸಂಸಾರ ಮಾಡುವವಳಿಗೆ ಮಾತ್ರ ಆ ದಾರಿಯಿರಲಿಲ್ಲ. ಜಮೀನಿನ ಹಕ್ಕುಪತ್ರ ಬಂದದ್ದು 1869ರ ಸೆಪ್ಟೆಂಬರ್ 1ರಂದು, ಅಧ್ಯಕ್ಷ ಗ್ರಾಂಟ್ ಹೆಸರಿನಲ್ಲಿ, ಡೇನಿಯಲ್ ಫ್ರೀಮನ್ನನಿಗೆ ಮತ್ತು ಅವನ ವಾರಸುದಾರರಿಗೆ.

ಡೇನಿಯಲ್ 1908ರ ಕೊನೆಯಲ್ಲಿ ತೀರಿಕೊಂಡ. ಆಗ್ನೆಸ್ 1931ರವರೆಗೆ ಬದುಕಿದಳು. ಇಬ್ಬರ ಸಮಾಧಿಯೂ ಅದೇ ಜಮೀನಿನ ಪೂರ್ವದ ದಿಬ್ಬದ ಮೇಲಿದೆ. ಅಲ್ಲಿ ಕಲ್ಲಿನ ಮೇಲೆ ಅವಳ ಹೆಸರಿದೆ.

ಅಜ್ಜಿಯ ಗಂಟು

ಇದನ್ನೆಲ್ಲ ಓದುತ್ತ ನಿಂತಾಗ ನನಗೆ ನೆನಪಾದದ್ದು ನಮ್ಮ ಅಟ್ಟದ ಮೇಲಿನ ತಗಡಿನ ಪೆಟ್ಟಿಗೆ. ಅದರಲ್ಲಿ ಭೂ ನ್ಯಾಯಮಂಡಳಿಯ ಆದೇಶದ ಪ್ರತಿ ಇತ್ತು; ಮಡಿಕೆಗಳಲ್ಲಿ ಹರಿದು, ಹಿಂದಿನಿಂದ ತೆಳು ಕಾಗದ ಅಂಟಿಸಿದ್ದು. ಭೂಸುಧಾರಣಾ ಕಾಯ್ದೆಗೆ 1974ರ ತಿದ್ದುಪಡಿ ಬಂದು ‘ಉಳುವವನೇ ಹೊಲದೊಡೆಯ’ ಎಂದು ಎಲ್ಲೆಡೆ ಹೇಳತೊಡಗಿದಾಗ ಅಜ್ಜ, ಗೇಣಿದಾರರು ಹಕ್ಕು ಕೇಳುವ ಏಳನೇ ನಮೂನೆಯ ಅರ್ಜಿ ತುಂಬಿಸಿ ಕೊಟ್ಟಿದ್ದ. ಅದಕ್ಕೆ ಹಿಂದೆ ಎಷ್ಟೋ ವರ್ಷ ಧಣಿಯ ಮನೆಗೆ ಗೇಣಿ ಅಳೆದವನು. ಗೇಣಿ ಅಳೆಯುವ ಕೊಳಗದ ಅಳತೆಯ ಜಗಳದಿಂದ 1951ರಲ್ಲಿ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ಎದ್ದಾಗ ಹರೆಯದವನಾಗಿದ್ದ ಅಜ್ಜನಿಗೆ ತನ್ನದೇ ಜಮೀನು ಎಂಬ ಮಾತು ಬಾಯಿಂದ ಹೊರಡಿಸುವುದು ಕೊನೆಯವರೆಗೂ ಕಷ್ಟವಾಗಿತ್ತಂತೆ.

ನ್ಯಾಯಮಂಡಳಿಯ ಮುಂದೆ ಆಗ ವಕೀಲರು ಬರುವಂತಿರಲಿಲ್ಲ. ರೈತನೇ ಮಾತನಾಡಬೇಕು. ಧಣಿಯ ಕಡೆಯವರು ಎದುರಿಗೆ ಕುಳಿತಿದ್ದಾರೆ. ‘ಎಷ್ಟು ವರ್ಷದಿಂದ ಮಾಡುತ್ತಿದ್ದೀಯ, ಏನು ಗುರುತು’ ಎಂದು ಕೇಳುತ್ತಾರೆ. ಅಜ್ಜನಿಗೆ ಬಾಯಿ ಒಣಗಿತು. ಹಿಂದೆ ಗೋಡೆಗೆ ಒರಗಿ ನಿಂತಿದ್ದ ಅಜ್ಜಿ ಮುಂದೆ ಬಂದು ಸೊಂಟದಿಂದ ಒಂದು ಬಟ್ಟೆಯ ಗಂಟು ತೆಗೆದು ನೆಲದ ಮೇಲೆ ಬಿಚ್ಚಿದಳು. ಅಕ್ಷರ ಬಾರದ ಅವಳು ಹಿಂದಿನ ದಿನ ಜಮೀನೆಲ್ಲ ತಿರುಗಿ ಮರಕ್ಕೊಂದರಂತೆ ಆರಿಸಿ ತಂದಿದ್ದಳು. ಅಡಿಕೆ ಮರಕ್ಕೆ ಒಂದೊಂದು ಅಡಿಕೆ. ಹಲಸಿನ ಮರ ಮೂರು, ಮೂರು ಹಲಸಿನ ಬೀಜ. ಎರಡು ಹುಣಸೆ ಬೀಜ. ಒಂದು ಮಾವಿನ ಗೊರಟು. ‘ಇದು ನಾನು ಬಸುರಿ ಇದ್ದಾಗ ನೆಟ್ಟಿದ್ದು, ಇದು ಹಿರಿಯವನು ಹುಟ್ಟಿದ ವರ್ಷದ್ದು’ ಎಂದು ಒಂದೊಂದನ್ನೇ ಎತ್ತಿ ಇಟ್ಟಳಂತೆ. ಗುಮಾಸ್ತ ಎಣಿಸಿ ಬರೆದುಕೊಂಡ. ಈ ಕಥೆಯನ್ನು ಅಜ್ಜಿ ನನಗೆ ಎಷ್ಟು ಸಲ ಹೇಳಿದ್ದಾಳೋ ಲೆಕ್ಕವಿಲ್ಲ. ಪ್ರತಿ ಸಲವೂ ಸೆರಗಿನ ತುದಿಯನ್ನು ಗಂಟು ಹಾಕಿ, ಬಿಚ್ಚಿ, ತೋರಿಸಿಯೇ ಹೇಳುತ್ತಿದ್ದಳು.

ಆದೇಶ ಬಂತು. ಅದರಲ್ಲಿ ಅಜ್ಜನ ಹೆಸರು, ಅವನ ತಂದೆಯ ಹೆಸರು, ಸರ್ವೆ ನಂಬರ್, ಎಕರೆ, ಗುಂಟೆ. ಅವಳ ಹೆಸರಿಲ್ಲ. ಅಜ್ಜನಿಂದ ಅಪ್ಪನಿಗೆ ಬಂದ ಪಹಣಿಯಲ್ಲಿ ಇಲ್ಲ. ನನ್ನ ಕೈಚೀಲದಲ್ಲಿದ್ದ ಕರಡಿನಲ್ಲೂ ಇಲ್ಲ. ಅವಳು ಎಣಿಸಿದ ಮರಗಳು ‘ಮರಮಾಲ್ಕಿ’ ಎಂಬ ಒಂದೇ ಪದದೊಳಗೆ ಹೋಗಿಬಿಟ್ಟಿವೆ.

ಖಾಲಿ ಎಂದು ಬರೆದ ನೆಲ

ಆದರೆ ಅಜ್ಜಿಯನ್ನೂ ಆಗ್ನೆಸ್‌ಳನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಲು ನನಗೆ ಮನಸ್ಸು ಒಪ್ಪುವುದಿಲ್ಲ. ಅಜ್ಜ ಪಡೆದದ್ದು ತಾನು ಉಳುತ್ತಿದ್ದ ಗದ್ದೆಯನ್ನೇ. ಫ್ರೀಮನ್ ಪಡೆದದ್ದು ಇನ್ನೊಬ್ಬರ ನೆಲವನ್ನು. ಕಬ್ ಕ್ರೀಕ್ ಹೋಗಿ ಸೇರುವ ಬಿಗ್ ಬ್ಲೂ ನದಿಯ ಸೀಮೆ ಓಟೊ ಮತ್ತು ಮಿಸೌರಿಯಾ ಜನರದ್ದು. ನೆಬ್ರಾಸ್ಕಾ ಎಂಬ ಹೆಸರೇ ಅವರ ನುಡಿಯದು. ಚಪ್ಪಟೆಯಾಗಿ ಹರಿಯುವ ನೀರು ಎಂದು ಅರ್ಥ. 1854ರ ಒಪ್ಪಂದದಲ್ಲಿ ಅವರಿಂದ ಈ ಸೀಮೆಯನ್ನು ಬರೆಸಿಕೊಂಡು, ಬಿಯಾಟ್ರಿಸ್‌ನ ದಕ್ಷಿಣಕ್ಕೆ ಅದೇ ನದಿಯ ಬದಿಯ ಒಂದು ಪಟ್ಟಿಯಲ್ಲಿ ಅವರನ್ನು ಕೂರಿಸಿದರು. ಎಂದರೆ ಫ್ರೀಮನ್ ಪೀಚ್ ಗಿಡ ನೆಡುತ್ತಿದ್ದಾಗ ಅವರು ನೆರೆಯಲ್ಲೇ ಇದ್ದರು. ಆಮೇಲೆ ಆ ಪಟ್ಟಿಯನ್ನೂ ಮಾರಿಸಿ 1881ರಲ್ಲಿ ಅವರನ್ನು ಈಗಿನ ಒಕ್ಲಹೋಮಾಕ್ಕೆ ಸಾಗಿಸಿದರು. ಅವರ ಹೆಂಗಸರೂ ಇಲ್ಲಿ ಮೆಕ್ಕೆಜೋಳ ಬೆಳೆದಿದ್ದರು. ಅವರ ಸಾಗುವಳಿಯನ್ನು ಎಣಿಸಲು ಯಾವ ಸಾಕ್ಷಿಯನ್ನೂ ಕರೆಯಲಿಲ್ಲ.

ಉದ್ಯಾನದ ಕಟ್ಟಡಕ್ಕೆ ಹೋಗುವ ದಾರಿಯಲ್ಲಿ ಲೋಹದ ತಗಡಿನಲ್ಲಿ ಕತ್ತರಿಸಿದ ರಾಜ್ಯಗಳ ಆಕಾರಗಳನ್ನು ಸಾಲಾಗಿ ನಿಲ್ಲಿಸಿದ್ದಾರೆ. ಆ ರಾಜ್ಯದಲ್ಲಿ ಎಷ್ಟು ಪಾಲು ನೆಲ ಹೀಗೆ ಹಂಚಿಹೋಯಿತೋ ಅಷ್ಟು ದೊಡ್ಡ ಚೌಕದ ತೂತು ಪ್ರತಿ ತಗಡಿನಲ್ಲೂ ಇದೆ. ನೆಬ್ರಾಸ್ಕಾದ ತೂತು ನೂರಕ್ಕೆ ನಲವತ್ತೈದರಷ್ಟು. ಒಟ್ಟು ದೇಶದಲ್ಲಿ ಸುಮಾರು 27 ಕೋಟಿ ಎಕರೆ, ಸುಮಾರು 16 ಲಕ್ಷ ಪತ್ರಗಳು. ಅರ್ಜಿ ಹಾಕಿದವರಲ್ಲಿ ಬಹಳ ಮಂದಿ ಐದು ವರ್ಷ ತಾಳಲಾರದೆ ಬಿಟ್ಟುಹೋದರು. ಆ ತೂತಿನ ಮೂಲಕ ಹಿಂದಿನ ಹುಲ್ಲು ಕಾಣುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಅದನ್ನು ನೋಡುತ್ತ ನನಗೆ ಇನ್ನೊಂದು ವಿಷಯ ನೆನಪಾಯಿತು. ಅರ್ಜಿ ಹಾಕುವವನು ಈ ದೇಶದ ಪ್ರಜೆಯಾಗಿರಬೇಕು, ಅಥವಾ ಪ್ರಜೆಯಾಗುತ್ತೇನೆ ಎಂದು ಘೋಷಿಸಿರಬೇಕಿತ್ತು. ಹೊರದೇಶದಿಂದ ಬಂದವರಲ್ಲಿ ಪ್ರಜೆಯಾಗುವ ಹಕ್ಕು ಇದ್ದದ್ದು ಬಿಳಿಯರಿಗೆ. 1870ರ ನಂತರ ಆಫ್ರಿಕಾ ಮೂಲದವರಿಗೂ. ಭಾರತದವರಿಗೆ ಇಲ್ಲ ಎಂದು ಇಲ್ಲಿಯ ಸುಪ್ರೀಂ ಕೋರ್ಟ್ 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬವರ ಮೊಕದ್ದಮೆಯಲ್ಲಿ ಹೇಳಿಬಿಟ್ಟಿತು. ಆ ಬಾಗಿಲು ತೆರೆದದ್ದು 1946ರಲ್ಲಿ. ಈಗ ಇದೇ ಸೀಮೆಯಲ್ಲಿ ನನ್ನದೊಂದು ಸಣ್ಣ ಮನೆಯಿದೆ, ಹಿತ್ತಲಿದೆ. ನಾನೂ ಆ ತೂತಿನೊಳಗೇ ನಿಂತಿದ್ದೇನೆ ಎಂಬುದನ್ನು ಮರೆಯುವುದು ನನ್ನಿಂದಾಗದು.

ಊರಿನ ಕಡೆಗೂ ಇದೇ ಪ್ರಶ್ನೆ ಬರುತ್ತದೆ. ಅಜ್ಜಿಯ ಜೊತೆ ಮಂಡಿಯುದ್ದದ ಕೆಸರಿನಲ್ಲಿ ಸಾಲುಗಟ್ಟಿ ನಾಟಿ ಮಾಡಿದ ಕೂಲಿ ಹೆಂಗಸರಿದ್ದರು. ಅವರು ಗೇಣಿದಾರರಲ್ಲ, ಆದ್ದರಿಂದ ಏಳನೇ ನಮೂನೆ ಅವರಿಗೆ ಏನನ್ನೂ ಕೊಡಲಿಲ್ಲ. ಅವರಲ್ಲಿ ಒಬ್ಬಳು ನಮ್ಮ ಮನೆಯ ಜಗಲಿಯಲ್ಲಿ ಎಲೆಯಡಿಕೆ ಹಾಕಿಕೊಂಡು ಕುಳಿತಿರುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಅಜ್ಜಿ ಗಂಟಿನ ಕಥೆ ಹೇಳುವಾಗ ಅವಳು ಏನೂ ಮಾತನಾಡುತ್ತಿರಲಿಲ್ಲ.

ಮತ್ತೆ ಹುಲ್ಲು

ಫ್ರೀಮನ್ ಕುಟುಂಬದ ಮುಂದಿನ ಕಥೆಯಲ್ಲಿ ನನಗೆ ಬಹಳ ಇಷ್ಟವಾದ ಒಂದು ಭಾಗವಿದೆ. ಜಮೀನಿಗೆ ಅದರ ಸಂಬಂಧ ಕಡಿಮೆಯಾದರೂ ಬಿಡಲಾರೆ. ಹತ್ತಿರದ ಒಂದು ಕೋಣೆಯ ಇಟ್ಟಿಗೆ ಶಾಲೆಯಲ್ಲಿ ಶಿಕ್ಷಕಿ ಮಕ್ಕಳಿಂದ ಬೈಬಲ್ ಓದಿಸಿ ಪ್ರಾರ್ಥನೆ ಮಾಡಿಸುತ್ತಾರೆಂದು ಮುದುಕ ಫ್ರೀಮನ್ 1899ರಲ್ಲಿ ತಕರಾರು ತೆಗೆದ. ಶಾಲಾ ಮಂಡಳಿ ಒಪ್ಪಲಿಲ್ಲ. ಅವನು ಕೋರ್ಟಿಗೆ ಹೋದ. 1902ರಲ್ಲಿ ನೆಬ್ರಾಸ್ಕಾದ ಸುಪ್ರೀಂ ಕೋರ್ಟ್ ಅವನ ಪರವಾಗಿ ಹೇಳಿತು. ಆ ಶಾಲೆ ನಡೆದದ್ದು 1872ರಿಂದ 1967ರವರೆಗೆ. ಒಳಗೆ ಹೋಗಿ ಕಬ್ಬಿಣದ ಕಾಲಿನ ಬೆಂಚಿನಲ್ಲಿ ಕುಳಿತರೆ ನಮ್ಮೂರ ಏಕೋಪಾಧ್ಯಾಯ ಶಾಲೆ ಕಣ್ಮುಂದೆ ಬರುತ್ತದೆ.

ಆಗ್ನೆಸ್ ಸತ್ತ ಐದು ವರ್ಷಗಳಿಗೆ, 1936ರಲ್ಲಿ, ಈ ಜಮೀನನ್ನು ಸ್ಮಾರಕವಾಗಿಸುವ ಕಾಯ್ದೆಗೆ ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಮಾಡಿದರು. ಸರ್ಕಾರ ಕೊಟ್ಟಿದ್ದ ನೆಲವನ್ನು ಸರ್ಕಾರವೇ ವಾರಸುದಾರರಿಂದ ಹಣ ಕೊಟ್ಟು ಪಡೆಯಿತು. ಅದು ಬಯಲೆಲ್ಲ ಧೂಳೆದ್ದ ದಶಕ. ಎಪ್ಪತ್ತು ವರ್ಷದ ಉಳುಮೆಯಲ್ಲಿ ಮಣ್ಣು ಸವೆದಿತ್ತು. 1939ರಿಂದ ಅಲ್ಲಿ ಹುಲ್ಲು ಬಿತ್ತತೊಡಗಿದರು. ಉತ್ತು ತೋರಿಸಿದರೆ ಮಾತ್ರ ನಿನ್ನದು ಎಂದಿದ್ದ ನೆಲದಲ್ಲಿ ಈಗ ಸುಮಾರು ನೂರು ಎಕರೆ ಹುಲ್ಲನ್ನು ಸಂಬಳ ಕೊಟ್ಟು ಸಾಕುತ್ತಾರೆ. ಆಗಾಗ ಬೆಂಕಿ ಕೊಟ್ಟು ಪೊದೆಗಳನ್ನು ಹತ್ತಿಕ್ಕುತ್ತಾರೆ. ನಮ್ಮ ಕಡೆ ಬ್ಯಾಣ ಎನ್ನುವ ಹುಲ್ಲುಗಾವಲಿಗೂ ಇದಕ್ಕೂ ಹೋಲಿಕೆ ಉಂಟು, ಆದರೆ ಈ ಹುಲ್ಲು ಆಳೆತ್ತರವನ್ನೂ ಮೀರುತ್ತದೆ. ಬಿಗ್ ಬ್ಲೂಸ್ಟೆಮ್ ಎಂಬ ಜಾತಿಯ ತೆನೆ ಕೋಳಿಕಾಲಿನ ಹಾಗೆ ಮೂರಾಗಿ ಕವಲೊಡೆದಿರುತ್ತದೆ. ಅಕ್ಟೋಬರಿನಲ್ಲಿ ಕಾಂಡ ತಾಮ್ರದ ಬಣ್ಣಕ್ಕೆ ತಿರುಗಿ, ಗಾಳಿ ಬಂದಾಗ ಒಣಗಿದ ಬಾಳೆಗರಿ ಉಜ್ಜಿದಂಥ ಸದ್ದು ಮಾಡುತ್ತದೆ. ಅದರ ಬೇರು ನೆಲದೊಳಗೆ ಹತ್ತಡಿಗೂ ಮಿಕ್ಕಿ ಇಳಿಯುತ್ತದೆ ಎಂದರೆ ಮೊದಲ ನೇಗಿಲು ಹೂಡಿದವರ ತೋಳು ಹೇಗೆ ಸೋತಿರಬೇಕು.

ಫ್ರೀಮನ್ ಕುಟುಂಬದ ಮನೆಗಳಲ್ಲಿ ಒಂದೂ ಉಳಿದಿಲ್ಲ. ನಾನೂರು ಪೀಚ್ ಗಿಡಗಳ ಕುರುಹು ನನ್ನ ಕಣ್ಣಿಗೆ ಎಲ್ಲೂ ಬೀಳಲಿಲ್ಲ. ಜಮೀನಿಗೆ ತಲೆಕೆಳಗಾಗಿಟ್ಟ ಇಂಗ್ಲಿಷ್ ಟಿ ಅಕ್ಷರದ ಆಕಾರ. ದಕ್ಷಿಣದ ಗಡಿಯಲ್ಲಿ ಮಾತ್ರ ಫ್ರೀಮನ್ ನೆಟ್ಟ ಬೇಲಿಸಾಲು ಇನ್ನೂ ನಿಂತಿದೆ. ಓಸೇಜ್ ಆರೆಂಜ್ ಎಂಬ ಮುಳ್ಳಿನ ಮರ. ಮುಳ್ಳುತಂತಿ ಬರುವುದಕ್ಕೆ ಮೊದಲು ಈ ಬಯಲಿನಲ್ಲಿ ಬೇಲಿಗೆ ಅದೇ ಗತಿ. ನಮ್ಮಲ್ಲಿ ಕಳ್ಳಿ, ಕತ್ತಾಳೆ ಇದ್ದಂತೆ. ಕೆಳಗೆ ಹಸಿರು ಹಣ್ಣುಗಳು ಉದುರಿ ಬಿದ್ದಿದ್ದವು. ದೊಡ್ಡ ಮೂಸಂಬಿಯ ಗಾತ್ರ, ಮೈಯೆಲ್ಲ ಮಿದುಳಿನ ಹಾಗೆ ಸುರುಳಿ ಸುರುಳಿ. ಒಂದನ್ನು ಎತ್ತಿ ಉಗುರಿನಿಂದ ಗೀರಿದೆ. ಹಾಲು ಬಂತು. ಬೆರಳಿಗೆ ಅಂಟಿ ಎಳೆ ಎಳೆಯಾಯಿತು. ನೀರಿನಲ್ಲಿ ತೊಳೆದರೆ ಹೋಗಲಿಲ್ಲ. ಹಲಸಿನ ಮೇಣ! ಮನೆಗೆ ಬಂದು ಹುಡುಕಿದರೆ ನಿಜಕ್ಕೂ ಅದು ಹಲಸಿನ ಕುಟುಂಬದ್ದೇ ಮರ. ಅಜ್ಜಿ ಹಲಸಿನ ಹಣ್ಣು ಕೊಯ್ಯುವ ಮೊದಲು ನನ್ನ ಅಂಗೈಗೆ ಕೊಬ್ಬರಿ ಎಣ್ಣೆ ಸವರುತ್ತಿದ್ದಳು. ಆ ರಾತ್ರಿ ಅಡುಗೆಮನೆಯಲ್ಲಿ ನಿಂತು ಹಾಗೆಯೇ ಎಣ್ಣೆ ಹಚ್ಚಿ ಮೇಣ ಬಿಡಿಸಿಕೊಂಡೆ.

ಮರುದಿನ ಅಣ್ಣನಿಗೆ ಫೋನ್ ಮಾಡಿದೆ. ಸಹಿ ಮಾಡುತ್ತೇನೆ, ಅದರಲ್ಲಿ ಎರಡನೆಯ ಮಾತಿಲ್ಲ ಎಂದು ಮೊದಲು ಹೇಳಿದೆ. ಆಮೇಲೆ ಎರಡು ಕೇಳಿದೆ. ಸ್ವತ್ತು ಹೇಗೆ ಬಂತು ಎಂದು ಬರೆಯುವ ಜಾಗದಲ್ಲಿ, ಅಜ್ಜ ಮತ್ತು ಅಜ್ಜಿ ಇಬ್ಬರೂ ಸೇರಿ ಸಾಗುವಳಿ ಮಾಡಿದ್ದು ಎಂದು ಅವಳ ಪೂರ್ತಿ ಹೆಸರಿನ ಸಮೇತ ಒಂದು ವಾಕ್ಯ ಸೇರಿಸಬೇಕು. ‘ಮರಮಾಲ್ಕಿ ಸಹಿತ’ ಎಂಬಲ್ಲಿ ಯಾವ ಮರ ಎಷ್ಟು ಎಂದು ಬರೆಸಬೇಕು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ನನಗೆ ಅವನ ಮೇಲೆ ಅನುಮಾನ ಬಂತೆಂದು ತಿಳಿದನೇನೋ ಎಂದು ನಾನು ಹೆದರಿದೆ. ‘ಪತ್ರ ಬರೆಯುವವರನ್ನು ಕೇಳುತ್ತೇನೆ’ ಎಂದ. ನಂತರ, ‘ಅವಳ ಗಂಟಿನ ಹಾಗೆಯಾ?’ ಎಂದು ಕೇಳಿದ. ಹೌದು ಎಂದೆ.

ನಿನ್ನೆ ರಾತ್ರಿ ಮೊಬೈಲಿಗೆ ಒಂದು ಫೋಟೊ ಬಂತು. ಹಳೆಯ ನೋಟುಪುಸ್ತಕದ ಹಾಳೆ, ಮಳೆಹನಿ ಬಿದ್ದು ಶಾಯಿ ಅಲ್ಲಲ್ಲಿ ಹರಡಿದೆ. ಅಡಿಕೆ 612, ಸಸಿ ಬಿಟ್ಟು. ತೆಂಗು 9. ಮಾವು 4. ಮುರುಗಲು 2. ಹುಣಸೆ 1, ಇನ್ನೊಂದು ಸಿಡಿಲು ಬಡಿದು ಹೋದದ್ದು ನಿನಗೆ ಗೊತ್ತಲ್ಲ. ಹಲಸು 5. ಅದರಲ್ಲಿ ಅಜ್ಜಿಯ ಮೂರು ಯಾವುವು ಎಂದು ತಿಳಿಯಲಿಲ್ಲ, ಭಾನುವಾರ ಅಮ್ಮನನ್ನು ಕರೆದುಕೊಂಡು ಹೋಗಿ ಮತ್ತೆ ನೋಡುತ್ತೇನೆ.